ಗಟಾರದ ಬೆನ್ನು ಹತ್ತಿದ ಯಂಕಪ್ಪನವರು

ಯಂಕಪ್ಪನವರು ಗಟಾರದ ಮುಂದೆ ಕುಳಿತದ್ದನ್ನು ದೂರದಿಂದ ನೋಡಿದರೆ ಯಾವುದೋ ಹಾಡು ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಖಾಕಿ ಪ್ಯಾಂಟನ್ನು ಮೊಳಕಾಲಿನವರೆಗೆ ಮಡಚಿ, ತುದಿಗಾಲಲ್ಲಿ ಕುಕ್ಕರಿಸಿ, ಕತ್ತು ಒಂದು ಕಡೆ ವಾಲಿಸಿ, ಬೇವಿನ ಎಲೆಯೊಂದನ್ನು ಆ ಕಪ್ಪು ನೀರಿಗೆ ಬಿಡುತ್ತಿದ್ದರು. ಎಲೆ ಹೊರಟರೆ ಇವರೂ ಹೊರಡುತ್ತಿದ್ದರು. ಅದು ನಿಂತಲ್ಲಿ ನಿಂತು, ತಿರುಗಿದಲ್ಲಿ ತಿರುಗಿ, ಕಲ್ಲುಚಪ್ಪಡಿಯ ಕೆಳಗೆ ಹೊಕ್ಕರೆ ಆಚೆ ಬದಿಗೆ ಓಡಿ ಕಾಯುತ್ತಿದ್ದರು. ಎಲೆ ಬಾರದಿದ್ದರೆ ಮುಖ ಅರಳುತ್ತಿತ್ತು. "ಇಲ್ಲೇ ಎಲ್ಲೋ ಸಿಕ್ಕೊಂಡೈತಿ. ಯಾಕ ಸಿಕ್ಕೊಂತು?" ಎಂದು ಯಾರಿಗೂ ಅಲ್ಲದೆ ಕೇಳುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೊಪ್ಪಳದ ಪ್ರಾಥಮಿಕ ಶಾಲೆಗೆ ಹೊಸ ಶಿಕ್ಷಕಿಯಾಗಿ ಬಂದಾಗ ನನಗೆ ಬಾಡಿಗೆ ಮನೆ ಸಿಕ್ಕಿದ್ದು ಅವರ ಎದುರಿಗೆ. ಅವರು ಮುನ್ಸಿಪಾಲಿಟಿಯ ಹೆಲ್ತ್ ಇನ್ಸ್‌ಪೆಕ್ಟರ್. ಹನುಮಸಾಗರದ ಕಡೆಯ ಒಕ್ಕಲುತನದ ಮನೆಯವರು. ಊರಿಗೆಲ್ಲ ಅವರು 'ಹೆಲ್ತ್ ಯಂಕಪ್ಪ'. ಗಟಾರದ ಹೂಳು, ಸಂತೆಯ ಕೊಳೆತ ಬದನೆಕಾಯಿ, ರಸ್ತೆಗೆ ಕಟ್ಟಿದ ಎಮ್ಮೆ, ಓಣಿಯ ಹಂದಿ, ಬಾವಿಗೆ ಹಾಕುವ ಬಿಳಿ ಪುಡಿ ಎಲ್ಲವೂ ಅವರ ಸುಪರ್ದಿಗೆ ಬರುತ್ತಿದ್ದವು. ಬಸ್ ನಿಲ್ದಾಣದ ಮಿರ್ಚಿ ಭಜಿ ಅಂಗಡಿಯಲ್ಲಿ ಮೊದಲು ಭಜಿ ತಿಂದು, ಬೆರಳು ಒರೆಸಿಕೊಂಡು, ಆಮೇಲೆ ಗಂಭೀರವಾಗಿ ಹೇಳುತ್ತಿದ್ದರು: "ಭಾಳ ಛಲೋ ಅದಾವು. ಆದ್ರ ನಾಳಿಗೆ ಇವುಕ್ಕ ಜಾಳಗಿ ಮುಚ್ಚಿರಬೇಕು. ಕಾಯ್ದೆದಾಗ ಐತಿ." ಅಂಗಡಿಯವನು ತಲೆಯಾಡಿಸುತ್ತಿದ್ದ. ಮರುದಿನ ಅದೇ ಭಜಿ, ಅದೇ ನೊಣ, ಅದೇ ಮಾತು.

ನಮ್ಮ ಓಣಿಯಲ್ಲಿ ಮೊದಲು ಗುಂಡಿ ತೋಡಿ ಪಾಯಖಾನೆ ಕಟ್ಟಿಸಿದವರು ಅವರೇ. ಬಂದವರಿಗೆಲ್ಲ ಚಹಾಕ್ಕೆ ಮೊದಲು ಅದನ್ನು ತೋರಿಸುತ್ತಿದ್ದರು. ಅವರ ಹೆಂಡತಿ ಗಂಗಮ್ಮನಿಗೆ ಇದು ನಾಚಿಕೆಯ ವಿಷಯ. "ದೇವರ ಮನಿ ತೋರ್ಸಿದಂಗ ತೋರ್ಸತಾರ್ರಿ ಟೀಚರ್ರ," ಎಂದು ನನ್ನೆದುರು ಹಣೆ ಚಚ್ಚಿಕೊಳ್ಳುತ್ತಿದ್ದರು.

ಒಂದು ವರ್ಷ ಮಳೆಗಾಲದ ಮೊದಲ ಮಳೆಗಳು ಬಿದ್ದ ಮೇಲೆ ಓಣಿಯಲ್ಲಿ ವಾಂತಿಭೇದಿ ಶುರುವಾಯಿತು. ಮಗ್ಗದ ನೂಲಿಗೆ ಬಣ್ಣ ಹಾಕುವ ಈರಣ್ಣನ ಮಗಳು ಶಾರದಾ ನನ್ನ ತರಗತಿಯ ಹುಡುಗಿ. ಅವಳನ್ನು ದವಾಖಾನೆಗೆ ಎತ್ತಿಕೊಂಡು ಹೋಗುವಾಗ ಅವಳ ಕಣ್ಣು ಒಳಗೆ ಹೋಗಿದ್ದವು, ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ. ಓಣಿಯವರೆಲ್ಲ ಕುಡಿಯುತ್ತಿದ್ದದ್ದು ಒಂದೇ ಬಾವಿಯ ನೀರು. ಕಾರಣ ಹುಡುಕಲು ಯಾರೂ ತಡಮಾಡಲಿಲ್ಲ. ಬಾವಿಯಾಚೆ ತಗ್ಗಿನಲ್ಲಿ ದುರುಗಮ್ಮನ ಗುಡಿಸಲಿತ್ತು, ಅವಳ ಹಂದಿಗಳಿದ್ದವು. ದುರುಗಮ್ಮ ಯಂಕಪ್ಪನವರ ಕೈಕೆಳಗೇ ಬೀದಿ ಗುಡಿಸುವ ಕೆಲಸದಲ್ಲಿದ್ದಳು. ಆ ಬಾವಿಯ ಹಗ್ಗ ಅವಳು ಮುಟ್ಟುವಂತಿರಲಿಲ್ಲ. ಯಾರಾದರೂ ಮೇಲಿನಿಂದ ಕೊಡಕ್ಕೆ ಸುರಿದರೆ ಅವಳಿಗೆ ನೀರು.

"ಗುಡಿಸಲಾ ಕೀಳಸ್ರಿ," ಎಂದು ಓಣಿಯ ಹಿರಿಯರು ಪಟ್ಟು ಹಿಡಿದರು. ಯಂಕಪ್ಪನವರು ಅಷ್ಟು ದೂರ ಹೋಗಲಿಲ್ಲ. ಆದರೆ ವಸ್ತಿಯ ನಡುವೆ ಹಂದಿ ಸಾಕಬಾರದೆಂಬ ಕಾಯ್ದೆ ಇತ್ತು. ಒಂದು ದಿನದಲ್ಲಿ ಹಂದಿ ಖಾಲಿ ಮಾಡಬೇಕೆಂದು ಹುಕುಂ ಮಾಡಿದರು. ದುರುಗಮ್ಮ ಅವನ್ನು ಸಿಕ್ಕಿದವರಿಗೆ, ಸಿಕ್ಕಿದ ಬೆಲೆಗೆ ಮಾರಿಹಾಕಿದಳು. ಸಂಜೆ ಕಸಬರಿಗೆ ಹಿಡಿದೇ ಅವರ ಕಟ್ಟೆಯ ಮುಂದೆ ಬಂದು ನಿಂತಳು. ನಾನು ಎದುರಿನ ಬಾಗಿಲಲ್ಲಿದ್ದೆ.

"ಸಾಹೇಬ್ರ, ಕಾಯ್ದೆ ಅಂದ್ರಿ, ಮಾರಿದೆ. ಈಗ ಒಂದ್ ಮಾತು ಹೇಳ್ರಿ. ನನ್ನ ಹಂದಿ ಇರೋದು ತಗ್ಗಿನಾಗ. ಬಾಂವಿ ಇರೋದು ದಿಬ್ಬದ ಮ್ಯಾಲ. ಹೊಲಸು ಮ್ಯಾಲ ಹೆಂಗ ಹತ್ತಿತ್ರಿ?"

ಯಂಕಪ್ಪನವರು ದಿಬ್ಬದ ಕಡೆ ನೋಡಿದರು, ತಗ್ಗಿನ ಕಡೆ ನೋಡಿದರು. ಅವಳು ಹೋದ ಮೇಲೂ ಕಟ್ಟೆಯ ಮೇಲೆ ಕುಳಿತೇ ಇದ್ದರು. ಗಂಗಮ್ಮ ಊಟಕ್ಕೆ ಕರೆದರೆ, "ಹೆಂಗ ಹತ್ತಿತು?" ಎಂದರು.

ಮರುದಿನ ಬೆಳಿಗ್ಗೆಯೇ ಬಾವಿಯ ಗಾಲಿ ಬಿಚ್ಚಿಸಿ, ನೀರು ಯಾರೂ ಸೇದಬಾರದೆಂದು ಡಂಗುರ ಹೊಡೆಸಿದರು. ಓಣಿಗೆ ಬಂಡಿಯಲ್ಲಿ ನೀರು ಬರತೊಡಗಿತು. ಆಮೇಲೆ ಈರಣ್ಣನ ಮನೆಗೆ ಹೋಗಿ ನೂಲಿಗೆ ಹಾಕುವ ಬಣ್ಣ ಕೇಳಿ ತಂದರು. ಓಣಿ ಏಳುವ ಮೊದಲೇ, ನಸುಕಿನಲ್ಲಿ, ಡಬ್ಬಿ ಹಿಡಿಯಲು ನನ್ನನ್ನು ಕರೆದರು. "ನೀವು ಸಾಲಿ ಟೀಚರ್, ಸುಳ್ಳು ಹೇಳಂಗಿಲ್ಲ. ಸಾಕ್ಷಿಗೆ ಇರ್ರಿ." ಹಂದಿಗಳು ಹೊರಳುತ್ತಿದ್ದ ತಗ್ಗಿಗೆ ಕೆಂಪು ಸುರಿದರು. ಓಣಿಯ ಮೇಲ್ತುದಿಯಲ್ಲಿ ಹತ್ತಾರು ಎಮ್ಮೆ ಕಟ್ಟಿದ್ದ ಗೌಡರ ಕೊಟ್ಟಿಗೆಯ ಗಟಾರಕ್ಕೆ ನೀಲಿ. ಕೊನೆಗೆ ತಮ್ಮ ಹಿತ್ತಲಿಗೆ ಹೋಗಿ, ಹೆಮ್ಮೆಯ ಆ ಪಾಯಖಾನೆಯ ಗುಂಡಿಗೆ ಹಸಿರು ಸುರಿದು ಕೊಡಗಟ್ಟಲೆ ನೀರು ಬಿಟ್ಟರು.

"ನಿಮ್ಮದಕ್ಕ ಯಾಕ್ರಿ? ನೀವು ಕಾಯ್ದೆ ಪ್ರಕಾರ ಬಾವಿಯಿಂದ ದೂರ ಬಿಟ್ಟು ಕಟ್ಟೀರಿ," ಎಂದೆ.

"ಬಿಟ್ಟೀನಿ. ಆದ್ರೂ ಸುತ್ತ ಎಲ್ಲಾರ್ದೂ ನೋಡಿ ನಂದೊಂದು ಬಿಟ್ರ ಅದು ತಪಾಸಣಿ ಆಗಂಗಿಲ್ಲ ಟೀಚರ್ರ."

ಯಾವ ಬಣ್ಣ ಎಲ್ಲಿಯದು ಎಂದು ಬಾವಿಯ ಪರೀಕ್ಷೆ ಮುಗಿಯುವವರೆಗೆ ಬಾಯಿ ಬಿಡಬಾರದೆಂದು ನನಗೆ ತಾಕೀತು ಮಾಡಿದರು.

ದಿನಾ ಬೆಳಿಗ್ಗೆ ಅವರೇ ಒಂದು ಕೊಡ ನೀರು ಸೇದಿ, ಬಿಳಿ ಪಿಂಗಾಣಿ ಬೋಗುಣಿಗೆ ಹೊಯ್ದು ಬಿಸಿಲಿಗೆ ಇಡುತ್ತಿದ್ದರು. ಓಣಿಗೆ ಓಣಿಯೇ ಬಗ್ಗಿ ನೋಡುತ್ತಿತ್ತು. ನನಗೂ ಶಾಲೆಗೆ ಹೊರಡುವ ಮೊದಲು ಬೋಗುಣಿ ನೋಡದಿದ್ದರೆ ಸಮಾಧಾನ ಇರುತ್ತಿರಲಿಲ್ಲ. ನೀರು ನೀರಿನ ಹಾಗೇ ಇರುತ್ತಿತ್ತು. ಜನಕ್ಕೆ ಬೇಸರ ಬಂತು. "ಹೆಲ್ತ್ ಸಾಹೇಬ್ರು ಓಕುಳಿ ಆಡಾಕ ಹತ್ಯಾರ," ಎಂದು ನಕ್ಕರು.

ನಡುವೆ ಒಂದು ಸಂಜೆ ದೊಡ್ಡ ಮಳೆ ಬಿತ್ತು. ಮರುದಿನ ಸೇದಿದ ನೀರನ್ನು ಬೋಗುಣಿಗೆ ಹೊಯ್ದಾಗ ನಾನು ಮೊದಲು ನನ್ನ ಕಣ್ಣನ್ನೇ ನಂಬಲಿಲ್ಲ. ಬಿಳಿ ಪಿಂಗಾಣಿಯ ಮೇಲೆ ಎಳೆ ಹುಲ್ಲಿನಂಥ ತೆಳು ಹಸಿರು.

"ಬಂತು! ಬಣ್ಣ ಬಂತು!" ಎಂದು ಯಾರೋ ಕೂಗಿದರು. ಇನ್ನೊಬ್ಬರು, "ನಾ ಹೇಳಿದ್ದಿಲ್ಲೇನು? ಹಂದಿ ತಗ್ಗಿಂದನ ಇದು," ಎಂದರು. ಗುಂಪಿನಾಚೆ ದುರುಗಮ್ಮ ನಿಂತಿದ್ದಳು. ಗೌಡರ ಆಳು ಕೂಡ ಇದ್ದ. ಯಾವ ಬಣ್ಣ ಯಾರದೆಂದು ಅಲ್ಲಿ ಗೊತ್ತಿದ್ದದ್ದು ಇಬ್ಬರಿಗೇ. ಯಂಕಪ್ಪನವರು ನನ್ನ ಕಡೆ ನೋಡಲಿಲ್ಲ. ಬೋಗುಣಿಯ ಮುಂದೆ ಕುಕ್ಕರಿಸಿದವರು ನೀರಿನಲ್ಲಿ ಬೆರಳು ಅದ್ದಿ, ಮೇಲೆತ್ತಿ, ಬಿಸಿಲಿಗೆ ಹಿಡಿದರು. ಇವರು ಏನೂ ಹೇಳದಿದ್ದರೆ ನಾನು ಹೇಳಬೇಕಾಗುತ್ತದಲ್ಲ ಎಂದುಕೊಂಡೆ.

ಅವರು ಎದ್ದು ನಿಂತರು.

"ಹಸರು ನಂದ್ರಿ," ಎಂದರು. "ನನ್ನ ಪಾಯಖಾನಿದು. ಹಂದಿ ತಗ್ಗಿಗೆ ಕೆಂಪು ಹಾಕೀನಿ, ಅದು ಬಂದಿಲ್ಲ. ಟೀಚರ್ನ ಕೇಳ್ರಿ."

ಈರಣ್ಣ ಮುಂದೆ ಬಂದ. ಅವನ ಮಗಳು ಆಗಷ್ಟೇ ಎದ್ದು ಗಂಜಿ ಕುಡಿಯುತ್ತಿದ್ದಳು. ಅವನು ಯಂಕಪ್ಪನವರ ಅಂಗಿಯ ಕಾಲರಿಗೇ ಕೈ ಹಾಕಿದ. ಬಿಡಿಸಲು ಹೋದವರಿಗೆ ಯಂಕಪ್ಪನವರು, "ಬಿಡ್ರಿ, ಅವ್ನ ಕೂಸು ಸಾಯತಿತ್ತು," ಎಂದರು. ಈರಣ್ಣ ತಾನೇ ಕೈಬಿಟ್ಟು, ಬಾವಿಕಟ್ಟೆಯ ಮೇಲೆ ಕುಳಿತು ಅತ್ತ.

ಅದೇ ದಿನ ಅವರು ಆ ಗುಂಡಿಗೆ ಸುಣ್ಣ ಸುರಿದು ಮುಚ್ಚಿಸಿದರು. ಹೊಸದೊಂದು ಬೇರೆ ಬದಿಗೆ ಆಗುವವರೆಗೆ ಹೆಲ್ತ್ ಇನ್ಸ್‌ಪೆಕ್ಟರು ಚೆಂಬು ಹಿಡಿದು ಗುಡ್ಡದ ಕಡೆ ಹೋಗುವುದನ್ನು ಊರು ನೋಡಿ ನಕ್ಕಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ. "ದೂರ ಬರೋಬ್ಬರಿ ಬಿಟ್ಟಿದ್ದೆ. ನೆಲದಾಗಿನ ಕಲ್ಲುಬಂಡಿ ಸೀಳೈತಿ, ಅದರಾಗ ಇಳದು ಬಂದೈತಿ. ಎಲ್ಲಿಂದ ಎಲ್ಲಿಗೆ ಐತ್ರಿ ಆ ಸೀಳು?" ಎಂದು ನನ್ನನ್ನು ತಡೆದು ಕೇಳುತ್ತಿದ್ದರು. ನಾನು ಏನು ಹೇಳಲಿ? ನಾನು ಮಗ್ಗಿ ಕಲಿಸುವವಳು.

ದುರುಗಮ್ಮನ ಗುಡಿಸಲಿಗೂ ಹೋದರು. "ತಪ್ಪಾತವಾ," ಎಂದರು.

ಅವಳು ಕಸಬರಿಗೆ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. "ತಪ್ಪಾತು ಅಂದ್ರ ನನ್ನ ಹಂದಿ ತಿರುಗಿ ಬರ್ತಾವೇನ್ರಿ?"

ಮುಂದಿನ ಸಂತೆಗೆ ಯಂಕಪ್ಪನವರು ಗಂಗಾವತಿಗೆ ಹೋದರು. ಬರುವಾಗ ಬಸ್ಸಿನಲ್ಲಿ ಅವರ ತೊಡೆಯ ಮೇಲೆ ಒಂದು ಬುಟ್ಟಿ, ಬುಟ್ಟಿಯ ಮೇಲೆ ಗೋಣಿತಟ್ಟು. ಹಿಟ್ನಾಳ ದಾಟುವವರೆಗೆ ಎಲ್ಲ ಸರಿಯಿತ್ತಂತೆ. ಆಮೇಲೆ ಬುಟ್ಟಿ ಕಿರುಚಿತು. ಕಂಡಕ್ಟರ್ ಗೋಣಿ ಎತ್ತಿ ನೋಡಿದರೆ ಎರಡು ಹಂದಿಮರಿ. "ಏನ್ರಿ ಇದು, ಖಾಕಿ ಹಾಕ್ಕೊಂಡು?" ಎಂದು ಕೇಳಿದ್ದಕ್ಕೆ ಇವರು, "ಸರ್ಕಾರಿ ಕೆಲಸ" ಎಂದರಂತೆ. ಇಳಿಸಿಯೇ ಬಿಟ್ಟ. ಉಳಿದ ದಾರಿ ಬುಟ್ಟಿ ಹೊತ್ತು ನಡೆದು, ಸಂಜೆಗೆ ಕೆಸರುಗಾಲಿನಲ್ಲಿ ಓಣಿಗೆ ಬಂದರು. ಹಂದಿ ಮುಟ್ಟಿದ ಗಂಡನನ್ನು ಗಂಗಮ್ಮ ಹಿತ್ತಲಲ್ಲೇ ನಿಲ್ಲಿಸಿ ನೀರು ಸುರಿದರು.

ಮರಿಗಳನ್ನು ಕೊಡುವಾಗಲೂ ಅವರು ಅವರೇ. "ಊರಾಗ ಸಾಕಂಗಿಲ್ಲ ಮತ್ತ. ರೈಲ್ವೆ ಹಳಿ ಆಚಿ ಜಾಗಾ ಮಾಡಿಸಿ ಕೊಡತೀನಿ. ಕಾಯ್ದೆ ಕಾಯ್ದೆನ."

"ನಿಮ್ಮ ಕಾಯ್ದೆಕ್ಕ ಬೆಂಕಿ ಹಚ್ಚಲಿ," ಎಂದಳು ದುರುಗಮ್ಮ. ಮರಿಗಳನ್ನು ಮಾತ್ರ ಸೆರಗಿನಲ್ಲಿ ಸುತ್ತಿಕೊಂಡಳು.

ಅಲ್ಲಿಂದ ಮುಂದೆ ಬೆಳಗಿನ ಹಾಜರಿಯ ಹೊತ್ತಿಗೆ ಅವರಿಬ್ಬರದು ನಿತ್ಯದ ಜಗಳ. ಕಸಬರಿಗೆ ಚಿಕ್ಕದಾಯಿತು, ಗಾಡಿಯ ಗಾಲಿ ಕಿರುಗುಟ್ಟುತ್ತದೆ, ಕೈಗವಸು ಕೊಡಲಿಲ್ಲ ಎಂದು ಅವಳು. ಮೂಲೆಯ ಕಸ ಹಾಗೇ ಇದೆ ಎಂದು ಇವರು. ಇಬ್ಬರೂ ಗಟ್ಟಿ ಗಂಟಲಿನವರು. ಅವಳು ಕೇಳಿದ್ದನ್ನು ಅವರು ಮೇಲಿನವರೊಡನೆ ಜಗಳಾಡಿ ತಂದುಕೊಡುತ್ತಿದ್ದರು. ಆದರೆ ನಮ್ಮ ಬಾವಿಯ ಹಗ್ಗ ದುರುಗಮ್ಮನ ಕೈಗೆ ಬರಲೇ ಇಲ್ಲ. ಮುಟ್ಟಬೇಡ ಅನ್ನಬಾರದೆಂಬ ಕಾಯ್ದೆಯೂ ಅವರ ಹತ್ತಿರ ಇತ್ತು, ಓಣಿ ಕೇಳಲಿಲ್ಲ. ಬಾವಿ ಮತ್ತೆ ತೆರೆದ ದಿನ ಅವಳ ಕೊಡಕ್ಕೆ ಅವರೇ ಸೇದಿ ಸುರಿದರು. ಮುಂದೆ ನಲ್ಲಿ ಬಂದಾಗ ಮಾತ್ರ ಅವಳು ತನ್ನ ನೀರು ತಾನೇ ಹಿಡಿದಳು.

ನನಗೆ ಯಲಬುರ್ಗಾಕ್ಕೆ ವರ್ಗವಾಯಿತು. ಅವರು ನಿವೃತ್ತರಾಗಿ ಹನುಮಸಾಗರದ ಕಡೆ ಹೊರಟುಹೋದರು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಒಮ್ಮೆ ಕೊಪ್ಪಳಕ್ಕೆ ಹೋಗಿದ್ದೆ. ಬಸ್ ನಿಲ್ದಾಣದ ಹೊರಗೆ ಯಾರೋ "ಟೀಚರ್ರ" ಎಂದು ಕೂಗಿದರು. ದುರುಗಮ್ಮ. ತಲೆ ನರೆತಿತ್ತು. ಕುಶಲ ಕೇಳುವ ಮೊದಲೇ, "ಹೆಲ್ತ್ ಸಾಹೇಬ್ರು ಹೋದ್ರು, ಗೊತ್ತಾತೇನ್ರಿ?" ಎಂದಳು.

ನನಗೆ ಗೊತ್ತಿರಲಿಲ್ಲ. ಅವಳು ಕಚೇರಿಯಲ್ಲಿ ಸುದ್ದಿ ತಿಳಿದು, ಕುಷ್ಟಗಿಯಲ್ಲಿ ಬಸ್ಸು ಬದಲಿಸಿ, ಒಬ್ಬಳೇ ಅವರ ಊರಿಗೆ ಹೋಗಿದ್ದಳಂತೆ. ಅಂಗಳದ ತುಂಬ ಮಂದಿ, ಇವಳು ದೂರ ಬೇಲಿಯ ಹತ್ತಿರ ನಿಂತಿದ್ದಳು.

"ಒಳಗಿಂದ ಗಂಗಮ್ಮಾರು ಯಾರದು ಅಂತ ಕೇಳಿದ್ರು. ಕಣ್ಣು ಕಾಣವಲ್ವು ಪಾಪ. ಏನಂತ ಹೇಳಲ್ರಿ ನಾನು? ಸಾಹೇಬ್ರ ಕೂಡ ದಿನಾ ಜಗಳಾ ಆಡತಿದ್ದೆಲ್ರೀ ಅವ್ವಾರ, ಅಕಿ ಬಂದೀನ್ರಿ ಅಂದೆ."

"ಏನಂದರು?"

ದುರುಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹೊರಗ ಯಾಕ ನಿಂತಿ, ಒಳಗ ಬಾ ಅಂದ್ರು. ಹೋಗಿ ಸಾಹೇಬ್ರ ಕಾಲತ್ರ ಕುಂತಿದ್ದೆ ನೋಡ್ರಿ, ಮಣ್ಣಿಗೆ ಎತ್ತೋತನಕ."