ಫ್ಲೆಕ್ಸ್ ಅಂಗಡಿಯ ದೊಡ್ಡ ಸ್ಕ್ರೀನು

ನಂಜನಗೂಡಿನಿಂದ ಬಸ್ಸು ಹತ್ತಿ ಟಿ. ನರಸೀಪುರದ ಒಂದು ಫ್ಲೆಕ್ಸ್ ಅಂಗಡಿಗೆ ಬ್ಯಾನರುಗಳ ಡಿಸೈನು ಮಾಡಲು ಹೋಗುತ್ತಿದ್ದೆ. ಅಲ್ಲೊಂದು ದೊಡ್ಡ ಮಾನಿಟರ್ ಇತ್ತು, ಆದರೆ ಅದರ ಮುಖ ಗಿರಾಕಿಗಳ ಕಡೆಗೆ. ಹಳೆಯ ಬ್ಯಾನರುಗಳನ್ನು ತೋರಿಸುತ್ತಾ ದಿನವಿಡೀ ಮೆರೆಯುತ್ತಿತ್ತು. ನನ್ನ ಪಾಲಿಗೆ ಚಿಕ್ಕದೊಂದು ಲ್ಯಾಪ್‌ಟಾಪು. ಇಡೀ ಬ್ಯಾನರು ಕಾಣುವಂತೆ ಮಾಡಿದರೆ ಅಕ್ಷರ ಕಾಣದು, ಅಕ್ಷರ ದೊಡ್ಡದು ಮಾಡಿದರೆ ಬ್ಯಾನರು ಕಾಣದು. ಮೇಲೆ ಕೆಳಗೆ ಸರಿಸುವುದರಲ್ಲೇ ಹೊತ್ತು ಹೋಗುತ್ತಿತ್ತು.

“ಏನಮ್ಮ, ಒಂದು ಬ್ಯಾನರ್‌ಗೆ ಇಷ್ಟೊತ್ತಾ? ಹಿಂಗಾದ್ರೆ ಬೇರೆಯೋರ್ನ ನೋಡ್ಕೋಬೇಕಾಯ್ತದೆ,” ಎಂದರು ಮಾಲೀಕರು.

“ಆ ದೊಡ್ಡ ಸ್ಕ್ರೀನ್ ಕೊಟ್ಟು ನೋಡಿ ಸಾ.”

“ಕೈ ಓಡ್ದೆ ಇದ್ರೆ ಸ್ಕ್ರೀನ್ ಏನ್ ಮಾಡ್ತದೆ?”

ಮೈಯೆಲ್ಲ ಉರಿಯಿತು. ಕೆಲಸ ಬಿಡುವ ಹಾಗಿರಲಿಲ್ಲ, ಸೋಮಾರಿ ಅನ್ನಿಸಿಕೊಂಡು ಇರಲೂ ಮನಸ್ಸಿರಲಿಲ್ಲ. “ಹಂಗಾದ್ರೆ ಇದ್ರಲ್ಲಿ ನೀವೇ ಒಂದು ಮಾಡಿ ತೋರ್ಸಿ ಸಾ,” ಎಂದು ಕುರ್ಚಿ ಬಿಟ್ಟೆದ್ದು ಗಿರಾಕಿಗಳನ್ನು ನೋಡಿಕೊಳ್ಳಲು ಹೋದೆ.

ಆಗಷ್ಟೇ ತಿಥಿಯ ಬ್ಯಾನರೊಂದಕ್ಕೆ ಆರ್ಡರು ಬಂದಿತ್ತು. ನಮ್ಮ ಕಸುಬಿನಲ್ಲಿ ಯಾರೂ ಹೊಸದಾಗಿ ಶುರು ಮಾಡುವುದಿಲ್ಲ. ಹಳೆಯ ಫೈಲು ತೆರೆದು ಫೋಟೋ, ಹೆಸರು ಬದಲಿಸುತ್ತೇವೆ, ಅಷ್ಟೆ. ಹೂವಿನ ಅಂಚು ಚೆನ್ನಾಗಿದೆಯೆಂದು ಮಾಲೀಕರು ಯಾರದೋ ಹುಟ್ಟುಹಬ್ಬದ ಫೈಲು ತೆರೆದರು. ಫೋಟೋ, ಹೆಸರು ಬದಲಿಸಿ, ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಹಾಕಿ, ಗೆದ್ದವರಂತೆ ನನ್ನತ್ತ ನೋಡಿ ಪ್ರಿಂಟಿಗೆ ಕೊಟ್ಟೇಬಿಟ್ಟರು.

ಸಂಜೆ ತೀರಿಕೊಂಡವರ ಮಗ ಬಂದು ಬ್ಯಾನರು ಬಿಚ್ಚಿದ. ಲ್ಯಾಪ್‌ಟಾಪಿನ ಸ್ಕ್ರೀನಿಗೆ ಸಿಗದ ತಳದಲ್ಲಿ ಹಳೆಯ ಸಾಲು ಹಾಗೇ ಇತ್ತು: ‘ನೂರ್ಕಾಲ ಬಾಳಿ ಎಂದು ಹಾರೈಸುವ ಗೆಳೆಯರ ಬಳಗ.’

“ನಮ್ಮಪ್ಪ ಓಗ್ಬುಟ್ಟವ್ರೆ ಕಣ್ರೀ, ನೂರ್ಕಾಲ ಬಾಳಿ ಅಂತೀರಲ್ಲಾ!” ಎಂದವನ ಕಣ್ಣು ತುಂಬಿತು.

“ಏನಮ್ಮ ಇದು?” ಮಾಲೀಕರು ನನ್ನ ಕಡೆ ತಿರುಗಿದರು.

“ಇದು ನೀವ್ ಮಾಡಿದ್ದು ಸಾ,” ಎಂದೆ, ಆ ಮಗನಿಗೂ ಕೇಳುವಂತೆ. ಮಾಲೀಕರನ್ನು ಸೋಲಿಸಿದ ಖುಷಿಯೇನೂ ಆಗಲಿಲ್ಲ. ಅವನ ಮುಖ ನೋಡಿ ಸಂಕಟವಾಯಿತು.

ಯಾರನ್ನೂ ಕೇಳದೆ ದೊಡ್ಡ ಮಾನಿಟರನ್ನು ನನ್ನ ಕಡೆ ತಿರುಗಿಸಿ ಲ್ಯಾಪ್‌ಟಾಪಿಗೆ ಜೋಡಿಸಿದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅಪ್ಪನ ಮುಖದಿಂದ ತಳದ ಬಂಧುಗಳ ಹೆಸರಿನವರೆಗೆ ಎಲ್ಲವೂ ಒಂದೇ ನೋಟಕ್ಕೆ ಸಿಕ್ಕಿತು. ತರಿಸಿಕೊಟ್ಟ ಟೀ ಅವನು ಕುಡಿದು ಮುಗಿಸುವಷ್ಟರಲ್ಲಿ ಹೊಸ ಬ್ಯಾನರು ಪ್ರಿಂಟಿಗೆ ಹೋಗಿತ್ತು.

ಅವನು ಹೊರಟ ಮೇಲೆ ಮಾಲೀಕರು ಮಾನಿಟರನ್ನು ಮೊದಲಿನಂತೆ ತಿರುಗಿಸಲು ಕೈ ಹಾಕಿದರು.

“ಬುಡಿ ಸಾ. ಅದು ಆ ಕಡೆ ತಿರುಗಿದ್ರೆ ನಾಳೆಯಿಂದ ನಾನ್ ಬರಲ್ಲ.”

ಮಾಲೀಕರು ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಮುಂದಿನ ಬ್ಯಾನರು ತೆರೆದೆ.