ಅಕ್ಕ ಹಂಚಿದ ನನ್ನ ಮಾತ್ರೆ

ಗೆಳೆಯರೇ, ನನ್ನ ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ.

ಬೆಳಿಗ್ಗೆ ಹಗರೆಯಲ್ಲಿರುವ ಅಕ್ಕನ ಮನೆಯಲ್ಲಿ ಚೀಲಕ್ಕೆ ಕೈಹಾಕಿದರೆ ನನ್ನ ಮಾತ್ರೆಯ ಸ್ಟ್ರಿಪ್ ಇಲ್ಲ. ಹುಣ್ಣಿಲ್ಲ, ಸೋಂಕಿಲ್ಲ, ಆದರೂ ಸುಮ್ಮನಿರದ ಕರುಳು ನನ್ನದು, ಊಟವಾದರೆ ಓಟ. ಆ ಓಟ ನಿಲ್ಲಿಸಲೆಂದೇ ಡಾಕ್ಟರ್ ಬರೆದುಕೊಟ್ಟ ಮಾತ್ರೆ ಅದು.

"ಅದಾ? ನಮ್ಮತ್ತೆಗೆ ರಾತ್ರಿಯಿಂದ ಭೇದಿ ಕಣೋ, ಒಂದು ಕೊಟ್ಟೆ. ಉಳಿದಿದ್ದು ಪಕ್ಕದ ಮನೆಯವ್ರು ಇಸ್ಕೊಂಡ್ರು, ಇರ್ಲಿ ಅಂತ," ಎಂದಳು ಅಕ್ಕ. ನಮ್ಮ ಕಡೆ ಮಾತ್ರೆಯೂ ಎಲೆಅಡಿಕೆಯಂತೆ. ಒಬ್ಬರೇ ತಿಂದರೆ ಮರ್ಯಾದೆಯಲ್ಲ.

ಒಳಗೆ ಹೋಗಿ ಅವಳ ಅತ್ತೆಯ ಹಣೆ ಮುಟ್ಟಿದೆ. ಕಾದ ಹೆಂಚು.

"ರಕ್ತಾನೂ ಬಿತ್ತು ಕಣಪ್ಪ. ಮಾತ್ರೆ ತಗಂಡ್ಮೇಲೆ ನಿಂತೈತೆ, ಈಗ ಹೊಟ್ಟೆ ಉಬ್ಕೊಂಡೈತೆ," ಎಂದರು.

ಜ್ವರ, ರಕ್ತ ಕಂಡರೆ ಈ ಮಾತ್ರೆ ಮುಟ್ಟಲೇಬೇಡಿ ಎಂದು ನನ್ನ ಡಾಕ್ಟರ್ ಒತ್ತಿ ಹೇಳಿದ್ದರು.

ಆಟೋ ಹಿಡಿದು ಬೇಲೂರಿನ ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ಗದರಿದರು: "ಕರುಳಲ್ಲಿ ಸೋಂಕಿದೆ. ಹೊರಗೆ ಹೋಗಬೇಕಾದ್ದನ್ನ ಒಳಗೇ ಕಟ್ಟಿಹಾಕಿದ್ರೆ ಜೀವಕ್ಕೇ ಅಪಾಯ. ಯಾರ್ರೀ ಕೊಟ್ಟಿದ್ದು?"

"ಮಾತ್ರೆ ಇವನ್ದೇ ಮೇಡಂ," ಎಂದು ಅಕ್ಕ ನನ್ನತ್ತ ಬೆರಳು ತೋರಿಸಿದಳು.

ಡ್ರಿಪ್ ಹಾಕಿದರು. ಸಂಜೆಗೆ ಜ್ವರ ಇಳಿಯಿತು, ನಮಗೂ ಉಸಿರು ಬಂತು. ಆಗ ಪಕ್ಕದ ಮಂಚದಲ್ಲಿ ಭೇದಿಯಾಗಿ ಮಲಗಿದ್ದ ಅಜ್ಜಿಯ ಮಗ ನನ್ನ ಬಳಿ ಬಂದು ದನಿ ತಗ್ಗಿಸಿದ: "ನಿಮ್ಮಕ್ಕ ಹೇಳಿದ್ರು, ಒಂದೇ ಮಾತ್ರೆಗೆ ನಿಂತೋಯ್ತಂತೆ. ಹೆಸರೇನಣ್ಣ ಅದ್ರದ್ದು?"

ಮರೆತುಹೋಗಿದೆ ಎಂದೆ. ಸುಳ್ಳು ಹೇಳಿ ಪುಣ್ಯ ಕಟ್ಟಿಕೊಂಡದ್ದು ಇದೇ ಮೊದಲು.