ಮುಖಪುಟ ತಿದ್ದಿದ ಬಾಯಮ್ಮ

ಅವರ ತುಟಿಗೆ ಸದಾ ಗಾಢ ಕೆಂಪು ಬಣ್ಣ. ವಯಸ್ಸು ಐವತ್ತೈದು ದಾಟಿತ್ತು, ಕೂದಲು ಪೂರ್ತಿ ನರೆತಿತ್ತು, ಉಡುತ್ತಿದ್ದದ್ದು ತೊಳೆದು ತೊಳೆದು ಮಾಸಿದ ಹತ್ತಿಯ ಸೀರೆ. ಅದರ ನಡುವೆ ಆ ತುಟಿ ಮಾತ್ರ ಎದ್ದು ಕಾಣುತ್ತಿತ್ತು. ಎರಡು ವರ್ಷದ ಮಗಳನ್ನು ಎತ್ತಿಕೊಂಡು ಕಾಪುವಿನಿಂದ ಉಡುಪಿಯ ಆ ಸಣ್ಣ ಶ್ರವಣ ಚಿಕಿತ್ಸಾಲಯಕ್ಕೆ ಮೊದಲ ಸಲ ಹೋದಾಗ, ಕೌಂಟರಿನಲ್ಲಿ ಕೂತಿದ್ದ ಅವರನ್ನು ನೋಡಿ ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ನಾವು ಅಳುತ್ತಾ ಬರುವ ಜಾಗದಲ್ಲಿ ಇವರಿಗೆ ಈ ಅಲಂಕಾರ ಎಂತಕ್ಕೆ? ಎಷ್ಟೋ ತಿಂಗಳ ಮೇಲೆ, ಸಲಿಗೆ ಬೆಳೆದ ಮೇಲೆ, ಕೇಳಿಯೇಬಿಟ್ಟೆ.

"ಕಿವಿ ಕೇಳದವರು ತುಟಿ ನೋಡಿ ಮಾತು ತಿಳ್ಕೊಳ್ಳುವುದಲ್ವಾ ಮಾರಾಯ್ತಿ. ದೂರದಿಂದ ಕಾಣಬೇಡ್ವಾ?" ಅಂದರು.

ಅವರ ಊರು ಶಿರ್ವ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವಂತೆ ಎಲ್ಲರೂ ಅವರನ್ನು ಬಾಯಮ್ಮ ಎಂದೇ ಕರೆಯುತ್ತಿದ್ದರು. ಸರದಿ ಬಂದವರ ಹೆಸರನ್ನು ಅವರು ಕೂಗಿದ್ದನ್ನು ನಾನು ಕಂಡಿಲ್ಲ. ಎದ್ದು ಬೆಂಚಿನ ತನಕ ನಡೆದು, ಎದುರಿಗೆ ಬಗ್ಗಿ, ಭುಜ ಮುಟ್ಟಿ ಕರೆಯುವರು. ಮಂಡಿನೋವಿದ್ದರೂ ದಿನಕ್ಕೆ ನಲವತ್ತು ಐವತ್ತು ಸಲ ಹಾಗೆ ಏಳುತ್ತಿದ್ದರು.

ಮಗಳಿಗೆ ಆರು ತುಂಬುವ ಹೊತ್ತಿಗೆ ಶ್ರವಣಯಂತ್ರ ಅಭ್ಯಾಸವಾಗಿ, ಅವಳು ಸಣ್ಣ ಸಣ್ಣ ವಾಕ್ಯ ಹೇಳಲು ಕಲಿತಿದ್ದಳು. ಆ ನಾಲ್ಕು ವರ್ಷ ನಾನು ತಡಕಾಡಿ ತಿಳಿದುಕೊಂಡದ್ದನ್ನೆಲ್ಲ ಬೇರೆ ತಾಯಂದಿರಿಗೆ ಕನ್ನಡದಲ್ಲಿ ಹೇಳಬೇಕೆಂದು ಒಂದು ಬ್ಲಾಗು ಶುರುಮಾಡಿದೆ. ಕಲಿತು, ಕೆಡಿಸಿ, ಮತ್ತೆ ಕಟ್ಟಿ, ಮುಖಪುಟವನ್ನು ನಾನೇ ಮಾಡಿದ್ದೆ. ಮೇಲೆ ನಮ್ಮೂರ ಲೈಟ್‌ಹೌಸಿನ ಹಿಂದೆ ಸೂರ್ಯ ಮುಳುಗುವ ದೊಡ್ಡ ಚಿತ್ರ, ಅದರ ಕೆಳಗೆ ನನ್ನ ಕಥೆ, ತೀರ ಅಡಿಯಲ್ಲಿ ಚಂದಾದಾರರಾಗಲು ಏಳು ಖಾನೆಗಳ ಅರ್ಜಿ. ದಿನವೂ ಜನ ಬಂದು ನೋಡಿ ಹೋಗುತ್ತಿದ್ದರು. ನಾಲ್ಕು ತಿಂಗಳಾದರೂ ಚಂದಾದಾರರ ಪಟ್ಟಿಯಲ್ಲಿ ಇದ್ದದ್ದು ನನ್ನ ಗಂಡ ಮತ್ತು ನನ್ನ ತಂಗಿ, ಇಬ್ಬರೇ.

ಮಗಳ ಪರೀಕ್ಷೆಗೆ ಹೋಗಿದ್ದಾಗ ಬಾಯಮ್ಮನಿಗೆ ಮೊಬೈಲಿನಲ್ಲಿ ಅದನ್ನು ತೋರಿಸಿದೆ. ಕನ್ನಡಕ ಏರಿಸಿ ನಿಧಾನ ನೋಡಿದರು.

"ಚಂದ ಉಂಟು. ಇಲ್ಲಿ ಲೈಟ್‌ಹೌಸಿನ ಟಿಕೇಟು ಕೊಡುವುದಾ?"

ನಾನು ಮುಖ ಸಣ್ಣ ಮಾಡಿಕೊಂಡೆ. ಅವರು ಕೆಳಗಿನ ಅರ್ಜಿಯನ್ನೂ ಓದಿದರು. ತಾಯಿಯ ಹೆಸರು, ಊರು, ಮಗುವಿನ ವಯಸ್ಸು, ಶ್ರವಣದೋಷದ ಪ್ರಮಾಣ... "ಇಷ್ಟೆಲ್ಲ ಯಾಕೆ ಕೇಳ್ತೀ? ಮೊದಲ ದಿನ ಇಲ್ಲಿ ಬಂದವರು ನನಗೇ ಸರಿಯಾದ ವಿಳಾಸ ಕೊಡುವುದಿಲ್ಲ. ಊರಲ್ಲಿ ಗೊತ್ತಾದರೆ ಅಂತ ಹೆದರಿಕೆ. ನಾಳೆ ಬೆಳಿಗ್ಗೆ ಬಾ, ನನ್ನ ಹತ್ತಿರ ಕೂತುಕೋ. ಬಂದವರು ಮೊದಲು ಎಂತ ಕೇಳ್ತಾರೆ ಅಂತ ಸುಮ್ಮನೆ ಕೇಳಿಸಿಕೋ."

ಹೋಗಿ ಕೂತೆ. ಮೀನು ಹಿಡಿಯಲು ಬೋಟಿಗೆ ಹೋಗುವ ಒಬ್ಬ ತಂದೆ, ಮೊಮ್ಮಗನನ್ನು ಕರೆತಂದ ಒಬ್ಬ ಅಜ್ಜಿ, ಗಂಡ ಗಲ್ಫಿನಲ್ಲಿರುವ ಒಬ್ಬ ಹುಡುಗಿ. ಒಬ್ಬರು ತುಳುವಿನಲ್ಲಿ, ಒಬ್ಬರು ಕೊಂಕಣಿಯಲ್ಲಿ, ಒಬ್ಬರು ಬ್ಯಾರಿಯಲ್ಲಿ ಕೇಳಿದ್ದು ಒಂದೇ ಮಾತು: ಇದಕ್ಕೆ ಮಾತು ಬರ್ತದಾ? ಯಂತ್ರದ ವಿಷಯವನ್ನು ಯಾರೂ ಮೊದಲು ಎತ್ತಲಿಲ್ಲ. ನಾಲ್ಕು ವರ್ಷದ ಹಿಂದೆ ನಾನೂ ಅದನ್ನೇ ಕೇಳಿದ್ದೆ. ಮುಖಪುಟ ಮಾಡುವಾಗ ಅದು ನನಗೆ ಮರೆತೇಹೋಗಿತ್ತು.

ಮನೆಗೆ ಬಂದು ಲೈಟ್‌ಹೌಸನ್ನು ತೆಗೆದೆ. ಪುಟದ ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ "ನನ್ನ ಮಗುವಿಗೆ ಮಾತು ಬರುತ್ತದಾ?" ಎಂದು ಬರೆದೆ. ಕೆಳಗೆ ನನ್ನ ಮಗಳ ಬಗ್ಗೆ ಮೂರು ಸಾಲು, ಅವಳು ಮಾತಾಡುವ ಅರ್ಧ ನಿಮಿಷದ ವಿಡಿಯೊ. ಅದರ ಅಡಿಯಲ್ಲಿ, ಪ್ರತಿ ಸೋಮವಾರ ಮೊಬೈಲಿಗೆ ಒಂದು ಸಣ್ಣ ಪತ್ರ ಬರುತ್ತದೆ, ಬೇಡವಾದಾಗ ನಿಲ್ಲಿಸಬಹುದು ಎಂಬ ಮಾತು. ಮೊಬೈಲ್ ನಂಬರಿಗೆ ಒಂದೇ ಖಾನೆ. ಮರುದಿನ ತೋರಿಸಿದಾಗ, ಗುಂಡಿಯ ಮೇಲೆ ಇದ್ದ "ಸಬ್‌ಸ್ಕ್ರೈಬ್" ಅನ್ನು ಬಾಯಮ್ಮನೇ ಬದಲಿಸಿದರು. "ನನಗೂ ಕಳಿಸಿ ಅಂತ ಹಾಕು. ಅವರು ಹೇಳುವುದು ಹಾಗೇ ಅಲ್ವಾ?"

ಆ ವಾರವೇ ಹನ್ನೊಂದು ಜನ ಸೇರಿದರು. ಆಮೇಲೆ ನಿಲ್ಲಲಿಲ್ಲ.

ನನಗೆ ಆಸೆ ಹೆಚ್ಚಿತು. ಎಲ್ಲೋ ಓದಿ, ಪುಟ ತೆರೆದ ಕೂಡಲೇ ಅದನ್ನು ಮುಚ್ಚಿಕೊಂಡು ಮೇಲೇಳುವ ಒಂದು ಚೌಕ ಹಾಕಿದೆ. ಅದರಲ್ಲಿ, "ನಿಮ್ಮ ಮಗುವಿಗೆ ಹೊತ್ತು ಮೀರುತ್ತಿದೆ. ಈಗಲೇ ಸೇರಿ." ಸೇರುವವರು ದುಪ್ಪಟ್ಟಾದರು. ಖುಷಿಯಲ್ಲಿ ಬಾಯಮ್ಮನಿಗೆ ಹೇಳಲು ಹೋದರೆ ಅವರು ನನ್ನ ಮುಖ ನೋಡಲಿಲ್ಲ.

"ನಿನ್ನೆ ಕಾರ್ಕಳದಿಂದ ಒಬ್ಬಳು ಬಂದಿದ್ದಳು," ಎಂದರು. "ಮಗನಿಗೆ ಏಳು ವರ್ಷ. ನಿನ್ನ ಬ್ಲಾಗು ತೆಗೆದು ನನಗೆ ತೋರಿಸಿ, ಹೊತ್ತು ಮೀರಿ ಆಯ್ತಾ ಬಾಯಮ್ಮ, ನಾವು ವಾಪಸ್ ಹೋಗುವುದಾ ಅಂತ ಕೇಳಿದಳು. ಹೆದರಿಕೊಂಡೇ ಬಂದವರನ್ನು ಇನ್ನೂ ಹೆದರಿಸಿ ನಂಬರ್ ತೆಗೊಳ್ಳುವುದಾ ನೀನು?"

ಆಗ ಅವರು, ಮೊದಲ ಸಲ ಮತ್ತು ಕೊನೆಯ ಸಲ, ತಮ್ಮನ ವಿಷಯ ಹೇಳಿದರು. ಅವನಿಗೂ ಕಿವಿ ಕೇಳುತ್ತಿರಲಿಲ್ಲ. ಎಂಟು ವರ್ಷಕ್ಕೆ ಯಾರಿಗೋ ತೋರಿಸಿದಾಗ, ಹೊತ್ತು ಮೀರಿತು ಎಂದರಂತೆ. ಅಪ್ಪ ನಂಬಿದರು. ಆ ಮೇಲೆ ಮನೆಯಲ್ಲಿ ಯಾರೂ ಅವನೊಡನೆ ಮಾತಾಡುವ ಪ್ರಯತ್ನವನ್ನೇ ಮಾಡಲಿಲ್ಲ. "ನಾನೂ ಮಾಡಲಿಲ್ಲ. ಇಪ್ಪತ್ತೆರಡಕ್ಕೆ ಜ್ವರ ಬಂದು ಹೋದ. ಎಲ್ಲಿ ನೋವು ಅಂತ ಕೇಳಲಿಕ್ಕೆ ನಮಗೆ ಗೊತ್ತಿರಲಿಲ್ಲ, ಹೇಳಲಿಕ್ಕೆ ಅವನಿಗೆ ಗೊತ್ತಿರಲಿಲ್ಲ."

ಕೌಂಟರಿನ ಎದುರು ನಿಂತಲ್ಲೇ ಆ ಚೌಕವನ್ನು ಅಳಿಸಿದೆ. ಸೋಮವಾರದ ಪತ್ರದಲ್ಲಿ ಎಲ್ಲರ ಕ್ಷಮೆ ಕೇಳಿದೆ. ಬಾಯಮ್ಮನಿಂದ ನಂಬರು ಪಡೆದು ಕಾರ್ಕಳದ ಆ ತಾಯಿಗೆ ಫೋನು ಮಾಡಿ, ಏಳು ವರ್ಷದವನಿಗೂ ಮಾಡುವುದು ಬೇಕಾದಷ್ಟು ಉಂಟು ಎಂದೆ. ಅವರು ಅತ್ತರು, ನಾನೂ ಅತ್ತೆ.

ಎರಡು ವರ್ಷದ ಬಳಿಕ ಮಣಿಪಾಲದ ಒಂದು ಕಾಲೇಜಿನವರು, ನೋಡಿಹೋಗುವವರನ್ನು ಚಂದಾದಾರರನ್ನಾಗಿ ಮಾಡುವ ಮುಖಪುಟ ಹೇಗಿರಬೇಕು ಎಂದು ಮಾತಾಡಲು ನನ್ನನ್ನು ಕರೆದರು. ಬಾಯಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅಕ್ಷರದ ಗಾತ್ರ, ಗುಂಡಿಯ ಬಣ್ಣ, ಖಾನೆ ಎಷ್ಟಿರಬೇಕು ಎಂದೆಲ್ಲ ಒಂದು ಗಂಟೆ ಹೇಳಿದೆ. ಪುಟ ತಿದ್ದಿಕೊಟ್ಟ ಅವರ ಉಪಕಾರವನ್ನೂ ನೆನೆದೆ. ಮುಗಿದ ಮೇಲೆ "ಒಳ್ಳೆದಾಯ್ತು" ಎಂದಷ್ಟೇ ಹೇಳಿ ಶಿರ್ವದ ಬಸ್ಸು ಹಿಡಿದರು.

ಕಳೆದ ಮಳೆಗಾಲದಲ್ಲಿ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಮೂರೇ ತಿಂಗಳು. ಶಿರ್ವದ ಇಗರ್ಜಿಯ ಹಿಂದಿನ ಸ್ಮಶಾನದಲ್ಲಿ ಅವರಿಗೆ ಒಂದು ಹಿಡಿ ಮಣ್ಣು ಹಾಕಿ ಬಂದೆ. ಆ ಸೋಮವಾರದ ಪತ್ರದಲ್ಲಿ, ಕೌಂಟರಿನ ಬಾಯಮ್ಮ ತೀರಿಕೊಂಡರು ಎಂದು ನಾಲ್ಕು ಸಾಲು ಬರೆದೆ. ಅವರನ್ನು ಬಲ್ಲವರು ನನ್ನ ಓದುಗರಲ್ಲಿ ಹತ್ತು ಜನ ಇರಬಹುದು ಎಂದು ನನ್ನ ಲೆಕ್ಕ.

ಉತ್ತರಗಳು ಮೂರು ದಿನ ಬಂದವು. ಒಬ್ಬೊಬ್ಬರದೂ ಹೆಚ್ಚು ಕಡಿಮೆ ಒಂದೇ ಕಥೆ. ಬಾಯಮ್ಮ ಅವರ ಪಕ್ಕ ಬಂದು ಕೂತರು, ಮೊಬೈಲು ಇಸಿದುಕೊಂಡು ಬ್ಲಾಗು ತೆರೆದರು, ನಂಬರನ್ನು ತಾವೇ ಒತ್ತಿದರು. ಓದಲು ಬಾರದವರಿಗೆ, ಓದಿ ಹೇಳಬಲ್ಲ ಯಾರಾದರೂ ಮನೆಯಲ್ಲಿ ಇದ್ದಾರಾ ಎಂದು ವಿಚಾರಿಸಿ, ಅವರ ನಂಬರು ಒತ್ತಿದ್ದರು. ನನ್ನ ಪುಟ ಎಷ್ಟು ಜನರನ್ನು ತಾನಾಗಿ ನಿಲ್ಲಿಸಿತ್ತು, ಅವರು ಎಷ್ಟು ಜನರನ್ನು ಕೈಹಿಡಿದು ತಂದು ಸೇರಿಸಿದ್ದರು ಎಂಬುದು ಈಗಲೂ ನನಗೆ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಅವರು ಇದನ್ನು ಹೇಳಿರಲಿಲ್ಲ.

ಎಲ್ಲೂರಿನ ಒಬ್ಬರು ಬರೆದಿದ್ದರು: "ಆ ದಿನ ಡಾಕ್ಟರು ಹೇಳಿದ್ದು ನನಗೆ ಒಂದೂ ತಲೆಗೆ ಹೋಗಲಿಲ್ಲ. ಇನ್ನು ಇಲ್ಲಿಗೆ ಬರುವುದು ಬೇಡ ಅಂತ ಎದ್ದಿದ್ದೆ. ಬಾಯಮ್ಮ ಬಾಗಿಲ ತನಕ ಬಂದು ನಿಮ್ಮ ಮಗಳ ವಿಡಿಯೊ ತೋರಿಸಿದರು. ಅದು ನೋಡಿ ಮುಂದಿನ ವಾರ ಪುನಃ ಹೋದೆ. ಈಗ ನನ್ನ ಮಗ ನನ್ನನ್ನು ಅಮ್ಮ ಅಂತಾನೆ. ಅವರಿಗೆ ಹೇಳಬೇಕು ಅಂತ ಇದ್ದೆ, ಹೇಳಲಿಕ್ಕೆ ಆಗಲಿಲ್ಲ."

ಇದಕ್ಕೆ ಉಪಕಾರ ಹೇಳಲಿಕ್ಕೆ ನನಗೂ ಆಗಲಿಲ್ಲ ಎಂದು ಅವರಿಗೆ ಬರೆದೆ.